ಶೇವಂತಿಗೆ ಬರುತ್ತಿತ್ತು

ಚಿಮ್ಮಡ, ತಾ. ಜಮಖಂಡಿ
ರವಿವಾರ, ೧೪ ಫೆಬ್ರುವರಿ ೧೯೫೪

ಪ್ರೀತಿಯ ಜಕ್ಕಪ್ಪಣ್ಣಾ,

ಮೊದಲು ನಿನ್ನ ಎದೆಯ ಸುದ್ದಿ ತಿಳಿಸು. ಗಿರಣಿಯ ಹತ್ತಿ ಧೂಳಿನಿಂದ ಹತ್ತಿದ ಕೆಮ್ಮು ಇನ್ನೂ ಬಿಟ್ಟಿಲ್ಲ ಎಂದು ನೀನು ಹೋದ ತಿಂಗಳು ಬರೆದಿದ್ದೆ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತೀಯೋ ಇಲ್ಲವೋ? ಸೊಲ್ಲಾಪುರದಲ್ಲಿ ಸರಕಾರಿ ದವಾಖಾನೆ ಇರುವಾಗ ಬೀಡಾ ಅಂಗಡಿಯವನ ಔಷಧ ಕುಡಿಯುವುದನ್ನು ನಿಲ್ಲಿಸು. ಇಲ್ಲಿ ಅವ್ವನ ಮೊಣಕಾಲು ನೋವು ಹಾಗೆಯೇ ಇದೆ. ಆದರೂ ದಿನಕ್ಕೆ ಎರಡು ಸಲ ಕುರಿಹಟ್ಟಿಗೆ ಹೋಗಿ ಬರುತ್ತಾಳೆ, ಬೇಡವೆಂದರೆ ನನ್ನನ್ನೇ ಗದರುತ್ತಾಳೆ. ಸತ್ಯವ್ವಕ್ಕನೂ ಪಾಂಡಪ್ಪ ಮಾವನೂ ಚೆನ್ನಾಗಿದ್ದಾರೆ. ಮಾಸ್ತರಿಕೆಯ ತರಬೇತಿ ಮುಗಿಯುವ ತನಕ ನಾನೂ ಅವರ ಮನೆಯಲ್ಲೇ ಇರುತ್ತೇನೆ.

ಅವ್ವ ಈಗ ನನ್ನೆದುರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ. ತಾನು ಹೇಳಿದ್ದನ್ನೇ ಬರೆಯುತ್ತಿದ್ದೇನೆ ಎಂದು ನಂಬಿದ್ದಾಳೆ. ಅವಳು ಹೇಳಿದ್ದು ಇಷ್ಟು: ಶುಕ್ರವಾರ ಬೀರಪ್ಪನ ಗುಡಿಯ ಮುಂದೆ ಹಿರಿಯರು ಕೂತು, ಸತ್ಯವ್ವಕ್ಕನ ಮಗಳು ಶೇವಂತಿಯನ್ನು ನಿನಗೆ ಕೊಡುವುದೆಂದು ಗೊತ್ತು ಮಾಡಿದ್ದಾರೆ. ಮಾರ್ಚ್ ಎಂಟು, ಸೋಮವಾರ ಅಕ್ಕಿಕಾಳು ಹಾಕಿ ಮದುವೆ. ನೀನು ನಾಲ್ಕು ದಿನ ಮೊದಲೇ ರಜೆ ಹಾಕಿ ಬರಬೇಕು. ಅವಳ ಪತ್ರ ಇಲ್ಲಿಗೆ ಮುಗಿಯಿತು. ಮುಂದಿನದು ನನ್ನದು. ಅಣ್ಣಾ, ನೀನು ಬರಬೇಡ. ಒಲ್ಲೆ ಎಂದು ಬರೆ. ಈ ಮದುವೆಯನ್ನು ನಿಲ್ಲಿಸಲು ನಿನ್ನೊಬ್ಬನಿಂದ ಮಾತ್ರ ಸಾಧ್ಯ.

ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ, ನನಗೂ ಗೊತ್ತು. ಅನ್ನವ್ವ ವೈನಿ ತೀರಿಕೊಂಡು ಎರಡು ವರ್ಷವಾಯಿತು, ನಿನಗೆ ಅನ್ನ ಬೇಯಿಸುವವರಿಲ್ಲ ಎಂಬುದು ಅವ್ವನ ದುಃಖ. ಆದರೆ ಶೇವಂತಿಗೆ ಈಗ ಹದಿಮೂರು. ಅವಳ ಕಿವಿ ಚುಚ್ಚಿದ್ದು ನಿನ್ನ ತೊಡೆಯ ಮೇಲೆ. ಅವಳು ಚೀರಿದಾಗ ನೀನೂ ಅತ್ತೆ ಎಂದು ಅಕ್ಕ ಈಗಲೂ ಹೇಳಿ ನಗುತ್ತಾಳೆ. ಹದಿನೈದು ತುಂಬದ ಹುಡುಗಿಯ ಮದುವೆ ಕಾಯ್ದೆಗೆ ವಿರುದ್ಧ ಎಂಬ ಪುಸ್ತಿಕೆಯನ್ನು ನನಗೆ ಕಳಿಸಿದವನು ನೀನೇ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದವನೂ ನೀನೇ. ವೈನಿಯ ದಿನಕರ್ಮದ ಹೊತ್ತಿಗೆ ಅವ್ವ ಮರುಮದುವೆಯ ಮಾತೆತ್ತಿದಾಗ ‘ನೀವು ಹ್ಯಾಂಗ ಅಂತೀರಿ ಹಾಂಗ’ ಅಂದೆಯಂತೆ. ಅದನ್ನೇ ಹಿಡಿದುಕೊಂಡು ಇವರು ಈಗ ನಿನ್ನ ಒಪ್ಪಿಗೆ ಇದೆ ಎನ್ನುತ್ತಾರೆ. ನನಗೆ ಇಷ್ಟೆಲ್ಲ ಓದಿಸಿದವನ ಬಾಯಿಂದ ಬರಬೇಕಾದ ಮಾತೇ ಅದು?

ನಿನ್ನನ್ನು ಬೈಯಲು ನನಗೆ ಯೋಗ್ಯತೆ ಇಲ್ಲ. ಈ ಮದುವೆಗೆ ದಾರಿ ಮಾಡಿಕೊಟ್ಟವನು ನಾನು. ಹೇಗೆಂದು ಮುಚ್ಚಿಡದೆ ಬರೆಯುತ್ತೇನೆ.

ನಾನು ಇಂಗ್ಲಿಷ್ ಮಾಸ್ತರನಾಗಲು ಹೊರಟದ್ದು ನಿನ್ನ ಒಂದು ಪತ್ರದಿಂದ. ನೀನು ಮೊದಲಿದ್ದ ಗಿರಣಿಯಲ್ಲಿ, ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಕಾಗದಕ್ಕೆ ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡು, ಮರುದಿನ ‘ನೀವೇ ಒಪ್ಪಿದ್ದೀರಿ’ ಎಂದು ಎರಡು ತಾಸು ಹೆಚ್ಚು ದುಡಿಸಿದರು ಎಂದು ಬರೆದಿದ್ದೆ. ಆ ಪತ್ರವನ್ನು ಕುರಿಗಳ ಹಿಂದೆ ನಡೆಯುತ್ತ ಓದಿದೆ. ಕುರುಬರ, ನೇಕಾರರ ಮಕ್ಕಳಿಗೆ ಈ ಭಾಷೆ ಕಲಿಸಿದರೆ ಮುಂದೆ ಯಾರೂ ಅವರ ಹೆಬ್ಬೆರಳು ಹಿಡಿಯಲಾರರು ಎಂದು ಅವತ್ತೇ ನಿಶ್ಚಯ ಮಾಡಿದೆ. ನೀನು ಕಳಿಸಿದ ಪುಸ್ತಿಕೆಗಳನ್ನೆಲ್ಲ ಕಂಬಳಿಯಲ್ಲಿ ಸುತ್ತಿ ಇಟ್ಟುಕೊಂಡವನು ನಾನು. ಹೋದ ಜೂನಿನಲ್ಲಿ ಅದೇ ಹುರುಪಿನಿಂದ ಪಾಂಡಪ್ಪ ಮಾವನ ಜೊತೆ ಮೂರು ದಿನ ಜಗಳವಾಡಿ, ಏಳನೇ ಇಯತ್ತೆಗೆ ಅವನು ಸಾಲಿ ಬಿಡಿಸಬೇಕೆಂದಿದ್ದ ಶೇವಂತಿಯನ್ನು ಬನಹಟ್ಟಿ ರಸ್ತೆಯ ಹೊಸ ಹೈಸ್ಕೂಲಿಗೆ ಹಾಕಿಸಿದೆ. ಮಾವ ಒಂದೇ ಕರಾರು ಹಾಕಿದ. “ಸಾಲಿಯವರು ಬೇಕು ಅನ್ನೂತನಕ ಕಳಸ್ತೀನಿ. ಅವರ ಒಂದಿನ ಬ್ಯಾಡ ಅಂದ್ರ ಅಲ್ಲಿಗಿ ಮುಗೀತು ನೋಡ ಮಾಸ್ತರ.” ಇಂಥ ಹುಡುಗಿಯನ್ನು ಯಾವ ಸಾಲಿ ಬೇಡ ಎಂದೀತು ಎಂದು ನಾನು ನಕ್ಕೆ.

ತರಬೇತಿಯ ಭಾಗವೆಂದು ನನ್ನನ್ನು ಅದೇ ಸಾಲಿಯ ಎಂಟನೇ ಇಯತ್ತೆಗೆ ಪಾಠ ಹೇಳಲು ಹಾಕಿದರು. ಇಂಗ್ಲಿಷ್ ಶುರುವಾಗುವುದೇ ಆ ಇಯತ್ತೆಯಲ್ಲಿ. ನಮಗೆ ಕಲಿಸಿಕೊಟ್ಟ ಪದ್ಧತಿಯ ಪ್ರಕಾರ ವರ್ಗದಲ್ಲಿ ಕನ್ನಡದ ಒಂದು ಶಬ್ದವೂ ಕೇಳಬಾರದು. ವಸ್ತು ತೋರಿಸಿ ಇಂಗ್ಲಿಷ್ ಹೆಸರು ಹೇಳಬೇಕು, ಕೆಲಸ ಮಾಡಿ ತೋರಿಸುತ್ತ ಏನು ಮಾಡುತ್ತಿದ್ದೇನೆಂದು ಇಂಗ್ಲಿಷಿನಲ್ಲೇ ಹೇಳಬೇಕು, ಮಕ್ಕಳು ನೋಡಿಯೇ ತಿಳಿದುಕೊಳ್ಳಬೇಕು. ನಾನು ಅಪ್ಪನ ಕಂಬಳಿಯನ್ನೇ ಒಯ್ದು ಹಾಸಿ, ಮಡಚಿ, ಹೆಗಲಿಗೆ ಹಾಕಿ, ಹುಚ್ಚನ ಹಾಗೆ ಕುಣಿದು ಕಲಿಸಿದೆ. ನೀನು ನೋಡಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಮೂವತ್ತೆಂಟು ಮಕ್ಕಳು ಬಾಯಿ ಬಿಟ್ಟುಕೊಂಡು ಕೂತರು. ತಿಳಿದದ್ದು ಶೇವಂತಿಗೆ. ತಿಳಿದ ಮೇಲೆ ಸುಮ್ಮನಿರುವುದು ಅವಳಿಂದ ಆಗಲಿಲ್ಲ. ಪಕ್ಕದ ಮಾದೇವಿಯ ಕಿವಿಯಲ್ಲಿ ‘ಹಾಸಾಕತ್ತೇನಿ ಅಂತಾನ, ಈಗ ಮಡಚಾಕತ್ತೇನಿ ಅಂತಾನ’ ಎಂದು ಪಿಸುಗುಟ್ಟುವಳು. ಮಾದೇವಿಯಿಂದ ಅದು ಹಿಂದೆ ಕೂತವರಿಗೆ, ಅಲ್ಲಿಂದ ಹುಡುಗರ ಕಡೆಗೆ ಹೋಗುವುದು. ಅರ್ಧ ನಿಮಿಷದಲ್ಲಿ ಇಡೀ ವರ್ಗದ ಮುಖ ಬೆಳಗುತ್ತಿತ್ತು. ಅದೆಲ್ಲ ನನ್ನ ಪಾಠದ ಬಲ ಎಂದು ಎಷ್ಟೋ ದಿನ ನಾನೇ ಬೀಗಿದೆ. ಗೊತ್ತಾದ ಮೇಲೆ ಅವಳನ್ನು ಹಿಂದಿನ ಮೂಲೆಯಲ್ಲಿ ಒಬ್ಬಳನ್ನೇ ಕೂರಿಸಿದೆ. ಅಲ್ಲಿಂದಲೂ ತುಟಿಯಾಡಿಸಿ ಹೇಳಿದಳು.

ಹೋದ ಬುಧವಾರ ನನ್ನ ಪರೀಕ್ಷೆಯ ಪಾಠ. ಹೊರಗಿನಿಂದ ಬಂದ ಪರೀಕ್ಷಕರು ಹಿಂದೆ ಕೂತು ನೋಡಿ ಅಂಕ ಹಾಕುತ್ತಾರೆ. ಅದರಲ್ಲಿ ಬಿದ್ದರೆ ಸರ್ಟಿಫಿಕೇಟು ಇಲ್ಲ. ಮಂಗಳವಾರ ಮಧ್ಯಾಹ್ನ, ನನಗೆ ಮಾರ್ಗದರ್ಶಕರಾದ ರಾಮಣ್ಣ ಮಾಸ್ತರರು ಹಾಜರಿ ಪುಸ್ತಕ ತೆರೆದು ನಾಲ್ಕು ಹೆಸರಿಗೆ ಚುಕ್ಕೆ ಇಟ್ಟರು. ಇವರನ್ನು ನಾಳೆ ಮನೆಯಲ್ಲೇ ಇರಲು ಹೇಳು ಎಂದರು. ಮೂವರು ತೀರ ಹಿಂದುಳಿದ ಹುಡುಗರು, ನಾಲ್ಕನೆಯವಳು ಶೇವಂತಿ. ಹೀಗೆ ಮಾಡುವುದು ವಾಡಿಕೆಯಂತೆ. ನಾನು ಎಗರಾಡಿದೆ. ಬಡವರ ಮಕ್ಕಳನ್ನು ಹೊರಗಿಟ್ಟು ಕಲಿಸುವುದು ಎಂಥ ವಿದ್ಯೆ ಎಂದೆ. ಅವರು ಸಿಟ್ಟಾಗಲಿಲ್ಲ. “ನೀ ಹೇಳೂದು ಬರೊಬ್ಬರಿ ಐತಿ. ಆದ್ರ ಆ ಹುಡಿಗಿ ಬಾಯಿಗಿ ಬೀಗ ಯಾರ ಹಾಕ್ತಾರ? ಮೊದಲ ಸರ್ಟಿಫಿಕೇಟ ತಗೊ ತಮ್ಮಾ, ಆಮ್ಯಾಲ ಬೇಕಾದಷ್ಟ ಕ್ರಾಂತಿ ಮಾಡೀಯಂತ.” ನಾನು ಸುಮ್ಮನಾದೆ. ಎಷ್ಟು ಬೇಗ ಸುಮ್ಮನಾದೆ ಎಂಬುದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನ್ನಿಸುತ್ತದೆ.

ಸಂಜೆ ಅವಳೊಡನೆ ಊರಿಗೆ ನಡೆದು ಬರುವಾಗ ಹೇಳಲಾಗಲಿಲ್ಲ. ಹಾದಿಯುದ್ದಕ್ಕೂ ಗಾಡಿಯ ನೊಗಕ್ಕೆ ಏನನ್ನುತ್ತಾರೆ, ಗಾಣಕ್ಕೆ ಏನನ್ನುತ್ತಾರೆ ಎಂದು ಕೇಳುತ್ತ ಬಂದಳು. ಮನೆಗೆ ಬಂದು ಅವಳು ಜೋಳ ಹಸನು ಮಾಡುತ್ತ ಕೂತಾಗ, ನಾಳೆ ಪರೀಕ್ಷಕರು ಬರುತ್ತಾರೆ, ನೀನು ಇನ್ನೂ ಕಚ್ಚಾ ಇದ್ದೀಯ, ಬರಬೇಡ ಎಂದೆ. ಅವಳ ಕೈ ಮೊರದಲ್ಲೇ ನಿಂತಿತು. “ನನಗ ಬರಾಂಗಿಲ್ಲೇನ ಮಾಮಾ?” ಬರುವುದಿಲ್ಲ ಎಂದೆ. ಖರೆ ಹೇಳಿದ್ದರೆ ಅವಳು ವಾದಿಸುತ್ತಿದ್ದಳು. ಅವಳ ಬಾಯಿ ಮುಚ್ಚಿಸಲು ಅತಿ ಸುಲಭದ ಸುಳ್ಳನ್ನು ಆರಿಸಿಕೊಂಡೆ. ಪಾಂಡಪ್ಪ ಮಾವ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡ.

ಬುಧವಾರದ ಪಾಠ ಹೇಗಾಯಿತು ಕೇಳು. ಕಂಬಳಿ ಹಾಸಿದೆ, ಮಡಚಿದೆ. ಮೊದಲೇ ಗಟ್ಟಿ ಮಾಡಿಸಿದ್ದ ಉತ್ತರಗಳು ಒಂದೇ ದನಿಯಲ್ಲಿ ಬಂದವು. ಕೊನೆಗೆ ಪರೀಕ್ಷಕರು ಎದ್ದು ಕಂಬಳಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟು, ಇದನ್ನು ನೇಯ್ದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ‘ಐ ಆಮ್ ಫೋಲ್ಡಿಂಗ್ ದ ಬ್ಲ್ಯಾಂಕೆಟ್’ ಎಂದ. ನಿನ್ನ ತಂದೆಯ ಹೆಸರೇನು ಎಂದರು. ಅದಕ್ಕೂ ಅವನು ಕಂಬಳಿ ಮಡಚುತ್ತಿದ್ದೇನೆ ಎಂದೇ ಅಂದ. ಉಳಿದವರೂ ದನಿಗೂಡಿಸಿದರು. ಮೂವತ್ತನಾಲ್ಕು ಮಕ್ಕಳ ಕಣ್ಣುಗಳು ಹಿಂದಿನ ಮೂಲೆಯ ಕಡೆ ತಿರುಗಿ ಅಲ್ಲಿ ಯಾರನ್ನೋ ಹುಡುಕಿದವು. ಇಷ್ಟು ತಿಂಗಳು ವರ್ಗಕ್ಕೆ ಕಲಿಸಿದವರು ಯಾರೆಂದು ಅವತ್ತು ತಿಳಿಯಿತು. ಪರೀಕ್ಷಕರಿಗೆ ಮುಧೋಳದ ಬಸ್ಸಿನ ಅವಸರ. ಉಚ್ಚಾರ ಶುದ್ಧವಾಗಿದೆ, ಕನ್ನಡದ ಒಂದು ಶಬ್ದವೂ ಕೇಳಲಿಲ್ಲ, ಶ್ಲಾಘನೀಯ ಎಂದು ಬರೆದು ಹೋದರು. ನಾನು ಪಾಸಾದೆ ಅಣ್ಣಾ. ಜೂನಿನಲ್ಲಿ ಹುನ್ನೂರಿನ ಕಡೆ ನೌಕರಿ ಸಿಗಬಹುದು ಎನ್ನುತ್ತಾರೆ. ಈ ಸುದ್ದಿಯನ್ನು ನಿನಗೆ ಹೀಗೆ ತಿಳಿಸಬೇಕಾದೀತು ಎಂದುಕೊಂಡಿರಲಿಲ್ಲ.

ಗುರುವಾರ ಮುಂಜಾನೆ ಶೇವಂತಿಯನ್ನು ಕರೆದೆ. ಪಾಂಡಪ್ಪ ಮಾವ ಅಡ್ಡ ನಿಂತ. “ಬ್ಯಾಡ ಅಂದಾಂವ ನಾ ಅಲ್ಲ. ನೀನ ಅಂದಿ. ಮಾತಂದ್ರ ಮಾತ.” ಒಂದು ದಿನದ ಮಟ್ಟಿಗೆ ಅಂದದ್ದು ಎಂದೆ, ಕೈ ಮುಗಿದೆ. ಮಗಳು ಕಲಿಯುವವಳಲ್ಲ ಎಂದು ಸ್ವಂತ ಸೋದರಮಾವನೇ ಹೇಳಿದ ಮೇಲೆ ಬೇರೆ ಸಾಕ್ಷಿ ಏಕೆ ಎಂದ. ಶುಕ್ರವಾರ ಹಿರಿಯರು ಕೂತರು. ನಾನು ಜಮಖಂಡಿಯ ಪೊಲೀಸರ ಬಳಿ ಹೋಗುತ್ತೇನೆ, ಸಾಲಿಯ ದಾಖಲೆಯಲ್ಲಿ ಅವಳ ವಯಸ್ಸು ಇದೆ ಎಂದು ಗುಡಿಯ ಮುಂದೆಯೇ ಕೂಗಿದೆ. ಅವ್ವ ಕೋಲೂರಿಕೊಂಡು ಎದ್ದಳು. “ಹೋಗು. ನಿಮ್ಮಣ್ಣನ ಹೆಸರ ಬರಸು. ಅವನ ಕೈಗಿ ಬೇಡಿ ಹಾಕೂದನ್ನ ಬಾಗಲದಾಗ ನಿಂತ ನೋಡತೀನಿ.” ನಾನು ಹೋಗಲಿಲ್ಲ. ಆರೋಪಿ ಸ್ವಂತ ಅಣ್ಣನೇ ಆದರೆ ಏನು ಮಾಡಬೇಕೆಂದು ಕಾಯ್ದೆಯ ಪುಸ್ತಿಕೆಯಲ್ಲಿ ಬರೆದಿರಲಿಲ್ಲ.

ಇನ್ನೊಂದು ಮಾತು, ನನ್ನನ್ನು ಹಗಲೂ ರಾತ್ರಿ ತಿನ್ನುತ್ತಿರುವುದು. ಹಿರಿಯರು ಹುಡುಗಿಯನ್ನು ಕೇಳಿಲ್ಲ ಎನ್ನುವಂತಿಲ್ಲ. ಅಕ್ಕ ಕೇಳಿದಳು. ಶೇವಂತಿ ಅಳಲಿಲ್ಲ, ಹಟ ಮಾಡಲಿಲ್ಲ. “ಇಂಗ್ಲಿಷ ನನಗ ಬರಾಂಗಿಲ್ಲಂತ ಮಾಮಾನ ಹೇಳ್ಯಾನ. ಸಾಲಿಗಿ ಹೋಗಿ ಏನ ಮಾಡ್ಲಿ” ಎಂದು ಹೂಂ ಅಂದುಬಿಟ್ಟಳಂತೆ. ಜೂನಿನಲ್ಲಿ ಅಪ್ಪನೆದುರು ಮೂರು ದಿನ ಉಪವಾಸ ಕೂತಿದ್ದ ಹುಡುಗಿ ಅವಳು. ನಾಲ್ಕು ದಿನದಿಂದ ಅವಳಿಗೆ ಖರೆ ಹೇಳಲು ಹೋಗುತ್ತೇನೆ, ಅವಳು ತಲೆಯೆತ್ತಿ ನೋಡಿದ ಕೂಡಲೇ ನೀರು ಕೇಳಿ ಕುಡಿದು ಬರುತ್ತೇನೆ. ಜಗತ್ತನ್ನೇ ಬದಲಿಸುತ್ತೇನೆಂದು ಹೊರಟವನ ಧೈರ್ಯ ಇಷ್ಟು.

ಆದ್ದರಿಂದ ನಿನ್ನನ್ನು ಬೇಡುತ್ತಿದ್ದೇನೆ. ಕೆಮ್ಮು ಇದೆ ಎಂದು ಬರೆ, ಸೊಲ್ಲಾಪುರದಲ್ಲಿ ಬೇರೆ ಹೆಣ್ಣು ಗೊತ್ತಾಗಿದೆ ಎಂದು ಬರೆ, ಮದುವೆಯೇ ಬೇಡ ಎಂದು ಬರೆ. ಏನು ಬರೆದರೂ ಸರಿ, ಒಲ್ಲೆ ಎಂಬುದು ಅದರಲ್ಲಿ ಇರಲಿ. ನೀನು ಒಲ್ಲೆ ಎಂದರೆ ಅವಳನ್ನು ನನ್ನ ಕೊರಳಿಗೆ ಕಟ್ಟಲು ನೋಡುತ್ತಾರೆ. ನಾನು ಮನೆ ಬಿಟ್ಟು ಹೋದರೂ ಸರಿ, ಅದಕ್ಕೆ ತಲೆ ಕೊಡುವುದಿಲ್ಲ. ಅಷ್ಟರಲ್ಲಿ ಜೂನ್ ಬರುತ್ತದೆ, ಅವಳನ್ನು ಮತ್ತೆ ಸಾಲಿಗೆ ಕಳಿಸುವ ದಾರಿ ಹುಡುಕುತ್ತೇನೆ.

ಅವ್ವನ ಆಶೀರ್ವಾದ ನಿನ್ನ ಮೇಲಿದೆ, ಅಕ್ಕ ಮತ್ತು ಮಾವ ಕ್ಷೇಮ ಕೇಳಿದ್ದಾರೆ. ನಾನು ನಿನ್ನ ಕಾಲು ಮುಟ್ಟಿದೆನೆಂದು ತಿಳಿ.

ನಿನ್ನ ತಮ್ಮ,
ಸಾತಪ್ಪ

ತಾ. ಕ.: ಪಾಕೀಟು ಅಂಟಿಸುವಷ್ಟರಲ್ಲಿ ಅವ್ವ ಪತ್ರ ಓದಿ ಹೇಳು ಎಂದಳು. ಈ ಹಾಳೆಗಳನ್ನೇ ಮುಂದೆ ಹಿಡಿದು, ಅವಳು ಹೇಳಿದ ಪತ್ರವನ್ನೇ ಓದಿದೆ. ಅಕ್ಕಿಕಾಳು, ತಾರೀಖು, ರಜೆ, ಎಲ್ಲ. ಅವ್ವ ಸಮಾಧಾನದಿಂದ ಕುರಿಹಟ್ಟಿಗೆ ಹೋದಳು. ತಿರುಗಿ ನೋಡಿದರೆ ಶೇವಂತಿ ನನ್ನ ಬೆನ್ನ ಹಿಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕೈ ಚಾಚಿದಳು, ಕೊಟ್ಟೆ. ಮೊದಲಿನಿಂದ ಕೊನೆಯವರೆಗೆ ನಿಂತುಕೊಂಡೇ ಓದಿದಳು. “ನನಗ ಬರತಿತ್ತೇನು?” ಎಂದು ಕೇಳಿದಳು. ಹೂಂ ಎಂದೆ. ಹಾಳೆಗಳನ್ನು ನನ್ನ ಮುಂದಿಟ್ಟಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: “ದೊಡ್ಡ ಮಾಮಾನ ಉತ್ತರ ಸಾಲಿ ವಿಳಾಸಕ್ಕ, ನನ್ನ ಹೆಸರಿಲೆ ಬರಲಿ. ನೀ ಓದಿ ಹೇಳೂದು ಬ್ಯಾಡ. ನಾನ ಓದತೀನಿ.”