ಏಲಕ್ಕಿ ಹಾರ ಹಾಕಿಸಿಕೊಂಡವಳ ದೂರು

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ನಾನು ಬ್ಯಾಡಗಿಯ ಕರೆವ್ವ ಶಿಡೇನೂರ. ವಯಸ್ಸು ಅರವತ್ತೆಂಟು, ಓದಿದ್ದು ಹತ್ತನೆಯ ಇಯತ್ತೆ. ಯಜಮಾನರು ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷ ಮೆಣಸಿನಕಾಯಿ ಅಂಗಡಿಯನ್ನು ನಾನೇ ನಡೆಸಿದ್ದೇನೆ. ಪೇಟೆಯಲ್ಲಿ ನನ್ನ ಮಾತಿಗೆ ಯಾರೂ ಬರಹ ಕೇಳಿದ್ದಿಲ್ಲ. ಬರೆದುಕೊಡಿ ಎಂದವರು ನೀವೇ ಮೊದಲು. ಬರೆದುಕೊಟ್ಟ ಮೇಲೆ ಓದದವರೂ ನೀವೇ. ರಾಣೇಬೆನ್ನೂರಿನ ಒಂದು ಪ್ರಚಾರ ಏಜೆನ್ಸಿ ನನ್ನ ಕಿರಿಯ ಸೊಸೆ ಸ್ನೇಹಾಳ ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೆಲಸ ಬಿಡಲೂ ಬಿಡದೆ ಅವಳನ್ನು ಹಿಂಡುತ್ತಿದೆ ಎಂದು ದೂರು ಕೊಟ್ಟಿದ್ದೆ. ಅದನ್ನು ನೀವು ಹೇಗೆ ಮುಚ್ಚಿದಿರಿ ಎಂಬುದು ನಾಲ್ಕು ಜನಕ್ಕೆ ತಿಳಿಯಲಿ.

ಬೀಜದ ಕಂಪನಿ, ಆಸ್ಪತ್ರೆ, ಪುಢಾರಿಗಳ ಹುಟ್ಟುಹಬ್ಬ, ಇವನ್ನೆಲ್ಲ ಪತ್ರಿಕೆಯಲ್ಲಿ ಚಂದ ಕಾಣಿಸುವುದು ಆ ಏಜೆನ್ಸಿಯ ಕಸುಬು. ಗೋಡೆಯ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆಸಿದ್ದಾರೆ. ಎಂಥ ಕುಟುಂಬ? ಹಿಂದಿನ ದಿನ ಯಾರು ಬರೆದ ಸುದ್ದಿ ಅಚ್ಚಾಗಲಿಲ್ಲವೋ ಆ ಹುಡುಗಿ ಬೆಳಿಗ್ಗೆ ಎಲ್ಲರೆದುರು ನಿಂತು ಅದನ್ನು ಗಟ್ಟಿಯಾಗಿ ಓದಬೇಕು; ಉಳಿದ ಎಂಟು ಮಂದಿ ಚಪ್ಪಾಳೆ ತಟ್ಟಬೇಕು. ತಟ್ಟದವಳ ಸರದಿ ಮರುದಿನ. ಕದರಮಂಡಲಗಿಯಲ್ಲಿರುವ ತಾಯಿಗೆ ಆಪರೇಷನ್ ಎಂದು ಸ್ನೇಹಾ ರಜೆ ಕೇಳಿದಾಗ ಮಾಲೀಕ ಹೇಳಿದ್ದು: “ಹೋಗವಾ, ಬ್ಯಾಡ ಅಂದವ್ರ ಯಾರು? ಲ್ಯಾಪ್‌ಟಾಪ್ ತಗೊಂಡು ಹೋಗು. ಹಂಗ ಆ ಡಾಕ್ಟರಿಗೆ ನಮ್ಮ ಏಜೆನ್ಸಿ ಹೆಸರೂ ಹೇಳಿ ಬಾ.” ಈಗಲೂ ಮನೆಯಲ್ಲಿ ನಾನು ನೀರು ಕೊಡು ಎಂದರೆ ಅವಳ ಬಾಯಲ್ಲಿ “ಹೂಂ ಸರ್” ಬರುತ್ತದೆ.

ತಪ್ಪು ನನ್ನದೂ ಇದೆ. ಅವಳು ಮೊದಲ ಸಲ ಅತ್ತಾಗ, “ಈ ಮನಿಗೆ ಬಂದಾಗ ನಾ ಏನ್ ಕಡಿಮಿ ಬೈಸ್ಕೊಂಡೇನೇನು? ತಾಳ್ಕೊ” ಎಂದುಬಿಟ್ಟೆ.

“ನೀವು ಬೈಸ್ಕೊಂಡೀರಿ ಖರೇ, ಅತ್ತೀ,” ಅಂದಳು. “ಬೈಸ್ಕೊಂಡದ್ದನ್ನ ಛಲೋ ಮಾಡಿ ಬರದು ಪೇಪರಿಗೆ ಕಳಸು ಅಂತ ನಿಮಗ ಯಾರೂ ಹೇಳಿದ್ದಿಲ್ಲಲ್ರಿ.”

ಮುಂದೆ ಬ್ಯಾಡಗಿಯ ಸಹಕಾರಿ ಸಂಘವೊಂದರಲ್ಲಿ ಅವಳಿಗೆ ಬೇರೆ ಕೆಲಸ ಸಿಕ್ಕಿತು. ಮೂಲ ಅಂಕಪಟ್ಟಿ ತೋರಿಸಬೇಕಿತ್ತು. ಏಜೆನ್ಸಿ ಕೊಡಲಿಲ್ಲ. ಆಗ ನಿಮಗೆ ಬರೆದೆ.

ಒಂದೂವರೆ ತಿಂಗಳು ನಿಮ್ಮ ಸದ್ದಿಲ್ಲ. ನಾನೇ ಏಜೆನ್ಸಿಗೆ ಜಗಳಕ್ಕೆ ಹೋದೆ. ಮಾಲೀಕ ಕಾಲಿಗೆ ಬಿದ್ದ. “ಅವ್ವಾರ, ನಿಮ್ಮಂಥಾ ಹಿರ್ಯಾರು ಬಂದದ್ದ ನಮ್ಮ ಪುಣ್ಯಾ. ಕುಂದ್ರಿ, ಕುಂದ್ರಿ” ಎಂದು ಕುರ್ಚಿ ಹಾಕಿಸಿ, ಶಾಲು ಹೊದಿಸಿ, ಹಾವೇರಿಯ ಏಲಕ್ಕಿ ಹಾರ ಎತ್ತಿದ. ಊರಿನ ಎಷ್ಟೋ ವೇದಿಕೆ ಕಂಡ ಕೊರಳು ಇದು. ಹಾರ ಕಂಡೊಡನೆ ತಾನಾಗಿ ಬಾಗಿತು. ಹಾರ ಹಾಕಿಸಿಕೊಂಡು ಬೈಯುವುದು ಹೇಗೆ? ಬೈಯಲಿಲ್ಲ. ಮೂರನೆಯ ದಿನ ಪತ್ರಿಕೆಯಲ್ಲಿ ನನ್ನ ಫೋಟೋ: ‘ಸೊಸೆ ದುಡಿಯುವ ಸಂಸ್ಥೆಗೆ ಅತ್ತೆಯ ಹಾರೈಕೆ’. ಯಾರು ಬರೆದದ್ದು ಎಂದು ಸ್ನೇಹಾಳನ್ನು ಕೇಳಿದೆ.

“ನಾನ ಬರದೇನ್ರಿ, ಅತ್ತೀ. ನೀವು ಮೆಟ್ಟಲಾ ಇಳಿಯೂದ್ರಾಗ ಮುಗಸು ಅಂದ್ರು.”

ವಾರದಲ್ಲಿ ನಿಮ್ಮ ಉತ್ತರ ಬಂತು: ದೂರುದಾರರೇ ಸಂಸ್ಥೆಯನ್ನು ಹಾರೈಸಿರುವ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ. ಜೊತೆಗೆ ಆ ಪತ್ರಿಕೆಯ ತುಣುಕು. ನನ್ನ ನಾಲ್ಕು ಪುಟ ಓದಲು ಬಿಡುವಿಲ್ಲದ ಕಚೇರಿಗೆ ಪೇಪರ್ ಓದಲು ಎಷ್ಟು ಬಿಡುವು! ಹಾವೇರಿ ಬಸ್ಸು ಹತ್ತಿ ನಿಮ್ಮಲ್ಲಿಗೇ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ಫೋಟೋದ ಮೇಲೆ ಬೆರಳಿಟ್ಟು, “ನೀವು ನಗಾಕತ್ತೀರಲ್ರೀ, ಅವ್ವಾರ” ಎಂದರು. ನಕ್ಕದ್ದು ನಿಜ. ಹಾರ ಹಾಕುವಾಗ ಯಾರು ಅಳುತ್ತಾರೆ, ಸ್ವಾಮಿ?

ಪೊಲೀಸ್ ಠಾಣೆಗೆ ಹೋದೆ. “ಕಸ್ಗೊಂಡಾರ ಅಂದ್ರ ವರ್ಷಗಟ್ಟಲೆ ಅಡ್ಡಾಡಬೇಕಾಗ್ತೈತ್ರಿ. ಕಳದಾವ ಅಂತ ಬರದ್ರ ಇವತ್ತ ಚೀಟಿ ಕೊಡ್ತೀನಿ. ಹೊಸಾವು ತಗಸ್ರಿ” ಎಂದರು ಅಲ್ಲಿದ್ದವರು. ಯಾವ ಕಪಾಟು, ಯಾವ ಖಾನೆ ಎಂದು ಗೊತ್ತಿರುವ ವಸ್ತುವನ್ನು ಕಳೆದಿದೆ ಎನ್ನಲೇ? ತಿರುಗಿ ಬಂದೆ. ಹದಿನೈದು ದಿನ ಸ್ನೇಹಾ ಬೆಳಿಗ್ಗೆ ಎದ್ದು, ಉಣ್ಣದೆ, ರಾಣೇಬೆನ್ನೂರ ಬಸ್ಸಿಗೆ ಹೋಗುತ್ತಿದ್ದಳು. ಹದಿನಾರನೆಯ ದಿನ ಠಾಣೆಗೆ ಹೋಗಿ ಬರೆದುಕೊಟ್ಟೆ: ಸೊಸೆಯ ಅಂಕಪಟ್ಟಿಗಳನ್ನು ನಾನು ಬಸ್ಸಿನಲ್ಲಿ ಕಳೆದಿದ್ದೇನೆ.

ನಕಲು ಪ್ರತಿಗಳು ಬಂದವು. ಅವಳು ಹೊಸ ಕೆಲಸಕ್ಕೆ ಸೇರಿದಳು. ನಾನು ನೆಮ್ಮದಿಯಿಂದ ಇರಬೇಕಿತ್ತು. ಆದರೆ ಕಳೆದ ಭಾನುವಾರ ಅವಳ ಜೊತೆಯಲ್ಲಿ ದುಡಿಯುತ್ತಿದ್ದ ತಬಸ್ಸುಮ್ ಮನೆಗೆ ಬಂದಳು. ಚಹಾ ಕುಡಿಯುತ್ತ, “ಅವ್ವಾರ, ನಂದೂ ಒಮ್ಮಿ ಬಸ್ಸಿನ್ಯಾಗ ಕಳದು ಕೊಡ್ರಲಾ” ಎಂದು ನಕ್ಕಳು. ಉಳಿದ ಎಂಟೂ ಮಂದಿಯ ಅಂಕಪಟ್ಟಿಗಳು ಅದೇ ಕಪಾಟಿನಲ್ಲಿವೆಯಂತೆ. ಎಂಟು ಹುಡುಗಿಯರಿಗಾಗಿ ನಾನು ಎಷ್ಟು ಬಸ್ಸು ಹತ್ತಲಿ?

ಆ ಕಪಾಟನ್ನು ತೆರೆಸಿ, ಎಂಟೂ ಮಂದಿಯ ಕಾಗದಗಳನ್ನು ಅವರವರ ಕೈಗೆ ಕೊಡಿಸಿ. ನಾನು ಕೇಳುವುದು ಇಷ್ಟೇ. ದೂರು ಕೊಟ್ಟರೆ ನೀವು ತೆರೆಸುವುದಿಲ್ಲ ಎಂದು ಕಂಡಾಯಿತು. ಅದಕ್ಕೆ ನಿನ್ನೆ ಅದೇ ಠಾಣೆಗೆ ಹೋಗಿ, ನಾನು ಬರೆದುಕೊಟ್ಟದ್ದು ಸುಳ್ಳು, ಅಂಕಪಟ್ಟಿಗಳು ಏಜೆನ್ಸಿಯ ಕಪಾಟಿನಲ್ಲೇ ಇವೆ, ಸೊಸೆಯ ತಪ್ಪಿಲ್ಲ, ನನ್ನ ಮೇಲೆ ಮೊಕದ್ದಮೆ ಹೂಡಿ ಎಂದು ಇನ್ನೊಂದು ಅರ್ಜಿ ಕೊಟ್ಟು, ಮೊಹರು ಒತ್ತಿಸಿಕೊಂಡು ಬಂದಿದ್ದೇನೆ. ನನ್ನ ಸುಳ್ಳನ್ನು ಸಾಬೀತು ಮಾಡಲಾದರೂ ಯಾರೋ ಒಬ್ಬರು ಆ ಕಪಾಟಿನ ಬೀಗ ತೆಗೆಯಬೇಕಲ್ಲ.

ಇಂತಿ,
ಅರವತ್ತೆಂಟಕ್ಕೆ ಸುಳ್ಳು ಬರೆಯಲು ಕಲಿತ
ಕರೆವ್ವ ಶಿಡೇನೂರ, ಬ್ಯಾಡಗಿ