ಮೂರು ಗೇಣು ಲಂಗ

ಅವ್ವ,

ಇವತ್ತು ನಿನ್ನ ಹಸಿರು ಸೀರೆಗೆ ಕತ್ತರಿ ಹಾಕಿದೆ. ಏಳು ತುಂಬಿದ ನಿನ್ನ ಮೊಮ್ಮಗಳು ಧನುಶ್ರೀಗೆ ಲಂಗ ಹೊಲಿಯಬೇಕಿತ್ತು. ಚಿಕ್ಕಯ್ಯನಛತ್ರದ ಮನೆಯಲ್ಲಿ ನನಗೆ ಹೊಲಿಯುವಾಗ ನೀನು ಟೇಪು ಹಿಡಿದದ್ದೇ ಇಲ್ಲ. "ಏಳು ವರ್ಸದ ಮಗೀಗೆ ಸೊಂಟದಿಂದ ಪಾದಕ್ಕೆ ಮೂರು ಗೇಣು, ಅಷ್ಟೇ ಕಣವ್ವ" ಎನ್ನುತ್ತಿದ್ದೆ ನೀನು. ನಾನೂ ಹಾಗೇ ಗೇಣು ಹಾಕಿ ಅಳೆದು ಹೊಲಿದೆ.

ಹಾಕಿಕೊಂಡ ಧನುಶ್ರೀ, "ಅಮ್ಮ, ಗಿಡ್ಡ ಆಗೋಯ್ತು, ಕಾಲೆಲ್ಲ ಕಾಣ್ತದೆ" ಅಂದಳು. ನಿನ್ನ ಅಳತೆಯೇ ತಪ್ಪು ಎಂದು ನಿನ್ನ ಮೇಲೆ ಸಿಟ್ಟು ಬಂತು. ಆ ವಯಸ್ಸಿನಲ್ಲಿ ನೀನು ನನಗೆ ಹೊಲಿದುಕೊಟ್ಟ ಲಂಗವನ್ನು ಟ್ರಂಕಿನಿಂದ ತೆಗೆದು ಅದರ ಮೇಲೆ ಗೇಣು ಹಾಕಿ ನೋಡಿದೆ. ನನ್ನ ಮೂರು ಗೇಣು ಮುಗಿದ ಮೇಲೂ ಅರ್ಧ ಗೇಣು ಬಟ್ಟೆ ಉಳಿದಿತ್ತು.

ಅಳತೆ ಸರಿಯಾಗೇ ಇತ್ತು. ನಿನ್ನ ಕೈ ನನ್ನ ಕೈಗಿಂತ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ, ಅವ್ವ.

ನಂಜನಗೂಡಿನ ಆಸ್ಪತ್ರೆಯಲ್ಲಿ ಕೊನೆಯ ದಿನ ನೀನು ಆ ಕೈಯನ್ನು ನನ್ನ ಕಡೆ ಚಾಚಿದೆ. ನೀರು ಕೇಳುತ್ತಿದ್ದೀಯ ಎಂದುಕೊಂಡು ಲೋಟ ಕೊಟ್ಟೆ. ನೀನು ಕುಡಿಯದೆ ಲೋಟವನ್ನು ಪಕ್ಕಕ್ಕಿಟ್ಟು ಮತ್ತೆ ಕೈ ಚಾಚಿದೆ.

ನಾನು ಬಿಸಿನೀರು ತರಲು ಎದ್ದುಹೋದೆ.