ಪೇಟ ತೊಡಿಸುವ ಕೈ

ನಾರ್‌ಕ್ರಾಸ್, ಅಕ್ಟೋಬರ್ 1997

ಕನ್ನಡ ಕೂಟದ ಅಧ್ಯಕ್ಷರಾದ ಗುರುಪ್ರಸಾದ್ ಅವರಿಗೆ, ನಮಸ್ಕಾರ.

ರಾಜ್ಯೋತ್ಸವದಲ್ಲಿ ಕೋಚ್ ವಿಟ್ಲಾಕ್ ಅವರಿಗೆ ಸನ್ಮಾನವೆಂದು ಆಮಂತ್ರಣದಲ್ಲಿ ಓದಿದೆ. ನಮ್ಮ ಪಿಕ್ನಿಕ್ಕಿಗೆ ಕಾಲೇಜಿನ ಮೈದಾನ ಬಿಟ್ಟಿಯಾಗಿ ಕೊಟ್ಟರೆಂದು ಇಷ್ಟೆಲ್ಲವೇ?

ಮೈಮೇಲೆ ಬಿದ್ದು ಕೆಡವುವ ಈ ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಕೋಚ್ ಅವರ ತಂಡಕ್ಕೆ ಗೋಲಿಗೆ ಚೆಂಡು ಒದೆಯಲೆಂದೇ ಇದ್ದ ಆಟಗಾರ ನನ್ನ ಮಗ ಧೀರಜ್. ಹೋದ ವರ್ಷ ಫೈನಲ್‌ನಲ್ಲಿ ಅವನ ಭುಜದ ಕೀಲು ತಪ್ಪಿತು. ಆಡಿಸಬೇಡಿ ಎಂದರು ಡಾಕ್ಟರು. "ಒದೆಯೋಕೆ ಕೈ ಯಾಕ್ರೀ ಬೇಕು?" ಎಂದು ನಕ್ಕ ಕೋಚ್, ಪಟ್ಟಿ ಸುತ್ತಿಸಿ ಅವನನ್ನು ಮತ್ತೆ ಇಳಿಸಿದರು. ಅವನು ಒದ್ದ, ತಂಡ ಗೆದ್ದಿತು, ಎದುರಾಳಿಗಳು ಅದೇ ಭುಜದ ಮೇಲೆ ಬಿದ್ದರು. ಆ ಗೆಲುವಿನಿಂದಲೇ ಕೋಚ್ ಇಂದು ಕಾಲೇಜಿನ ಕ್ರೀಡಾ ನಿರ್ದೇಶಕರು. ಆಸ್ಪತ್ರೆಯ ಕಡೆ ತಲೆ ಹಾಕಲೂ ಇಲ್ಲ.

ನಿನ್ನೆ ಫೋನಿನಲ್ಲಿ ನೀವು, "ಚಂದ್ರಕ್ಕ, ಮೈಸೂರು ಪೇಟಾನ ಧೀರಜ್ ಕೈಲೇ ಹಾಕ್ಸೋಣ, ಫೋಟೋ ಚೆನ್ನಾಗ್ ಬರತ್ತೆ" ಎಂದಿರಿ. ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ.

ಈಗ ಹೇಳುತ್ತೇನೆ. ಅವನ ಬಲಗೈ ಎದೆಯಿಂದ ಮೇಲೇಳುವುದಿಲ್ಲ. ಕೋಚ್ ಆರೂವರೆ ಅಡಿ ಆಳು. ಅವರಿಗೆ ಕುರ್ಚಿ ಹಾಕಬೇಡಿ. ನನ್ನ ಮಗನ ಮುಂದೆ ಮಂಡಿಯೂರಿ ತಲೆ ಬಗ್ಗಿಸಲು ಹೇಳಿ.

ಆ ಫೋಟೋ ನಿಜಕ್ಕೂ ಚೆನ್ನಾಗಿ ಬರುತ್ತದೆ. ನನಗೂ ಒಂದು ಪ್ರತಿ ಕೊಡಿ.

ಧೀರಜ್‌ನ ತಾಯಿ,
ಚಂದ್ರಾವತಿ